ಎರಡು ಬೆರಳು ಆಟ

ಮೇಷ್ಟ್ರ ಹೆರಾಲ್ಡಿನ ಸ್ಟೇರಿಂಗಿಗೆ ಎರಡು ಬೆರಳು ಆಟವಿತ್ತು.
ಅಂದರೆ, ನೀವು ಬಲಕ್ಕೆಂದರೆ
ಎರಡು ಬೆರಳಷ್ಟು ದೂರ ಯಾರೂ ಕೇಳಿಸಿಕೊಳ್ಳರು;
ಆಮೇಲೆ ಮುಂದಿನ ಗಾಲಿ,
ತೂಕಡಿಸುವ ಜವಾನನ ಹಾಗೆ,
'ಕರೆದಿರಾ?' ಎಂದು ಏಳುವುದು.

'ಇದನ್ನ ಹೊಸದು ಮಾಡು' ಅಂದರು ಮುದ್ದುವೀರಪ್ಪ ಮೇಷ್ಟ್ರು.
ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗು.
ಕೈವಾರವಿಲ್ಲದೆ ಬೋರ್ಡಿನ ಮೇಲೆ
ಒಂದೇ ಎಳೆತಕ್ಕೆ ವೃತ್ತ:
ಸೀಮೆಸುಣ್ಣ ಹೊರಟ ಚುಕ್ಕಿಗೇ ಬಂದು
ಟಕ್ ಎಂದು ನಿಲ್ಲುತ್ತಿತ್ತು.
ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ನಾವು
ದಾರ ಹಿಡಿದು ಅಳೆದದ್ದುಂಟು.
ತಪ್ಪು ಸಿಕ್ಕಲಿಲ್ಲ.

ಡೇರಿ ಸರ್ಕಲ್ಲಿನಾಚೆ ನನ್ನ ಲೇತು.
ಬಾನೆಟ್ಟು ಇಡಿಯಾಗಿ ಮುಂದಕ್ಕೆ ಮಗುಚಿ
ದಾದಾಪೀರ್ ತಲೆ ತೂರಿಸಿದ.
ಮೇಲಿನ ಸರಳು, ಕೆಳಗಿನ ಸರಳು,
ಎರಡರ ನಡುವೆ ರಬ್ಬರಿನ ಬಿಲ್ಲೆ,
ಮೊನ್ನೆಯ ರಾಗಿರೊಟ್ಟಿಯಂತೆ ಬಿರಿದು.
ರಬ್ಬರಿನಲ್ಲಿ ಕರೆಂಟು ಹಾಯದೆಂದು
ಪಕ್ಕದಲ್ಲೊಂದು ತಾಮ್ರದ ಎಳೆ ಕೊಟ್ಟಿದ್ದರು, ಕಟ್ಟಿದವರು.
ಅದು ತುಂಡಾಗಿ ಯಾವ ಕಾಲವಾಯಿತೋ.

'ಹಾರ್ನಿಗೆ ಅರ್ಥ್ ಇಲ್ಲ ಸಾರ್' ಎಂದ ಹುಡುಗ.
'ಅರ್ಥ ಇಲ್ಲದ ಮೇಲೆ
ಸುಮ್ಮನಿರೋದು ಮೇಲು ಕಣಪ್ಪ' ಅಂದರು ಮೇಷ್ಟ್ರು,
ಎರಡೂ ಕೈ ಜುಬ್ಬದ ಜೇಬಿನಲ್ಲಿ.
ಆ ಕೈಗಳನ್ನು ನಾನು ಆಗ ಗಮನಿಸಬೇಕಿತ್ತು.

ಗುಜರಿಯಿಂದ ಮಾರುತಿಯದೊಂದು ಯೂನಿವರ್ಸಲ್ ಜಾಯಿಂಟು ತಂದೆ.
ಉಕ್ಕಿನ ಶಿಲುಬೆ, ನಾಲ್ಕು ಕಡೆ ಸೂಜಿ ಬೇರಿಂಗು.
ಎರಡು ದಿನ ಬುಷ್ ಕಡೆದೆ,
ಹಲ್ಲಿಗೆ ಹಲ್ಲು ಕೂರಿಸಿದೆ,
ಕೂದಲು ತೂರದಂತೆ ಬೋಲ್ಟು ಬಿಗಿದೆ.
ಗರ್ವವಿತ್ತು, ಸುಳ್ಳೇಕೆ ಹೇಳಲಿ.
ಉಕ್ಕಿಗೆ ಉಕ್ಕು ತಾಗಿದ್ದೇ ತಡ, ಹಾರ್ನಿಗೆ ಅರ್ಥ್ ಸಿಕ್ಕಿ
ಎಷ್ಟೋ ವರ್ಷದ್ದನ್ನು ಒಂದೇ ಸಲ ಒದರಿತು;
ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಗ್ಲಾಸು ಬಿಟ್ಟ.

ಸಾಲಗಾಮೆ ರಸ್ತೆ. ನೆಟ್ಟಗಿತ್ತು ದಾರಿ.
ಕಾರು ನೆಟ್ಟಗಿರಲಿಲ್ಲ.
ಸಣ್ಣಗೆ, ಬಿಡದೆ, ತಲೆಯಾಡಿಸುತ್ತಿತ್ತು
ಬೇಡ ಬೇಡ ಎನ್ನುವ ಮಗುವಿನಂತೆ.
ಟೈರಿನ ಗಾಳಿ ಎಂದುಕೊಂಡೆ. ಬ್ಯಾಲೆನ್ಸು ಎಂದುಕೊಂಡೆ.
ನನ್ನದೇ ಕೆಲಸದ ಮೇಲೆ ಸಂಶಯ ಬಂದು
ಸ್ಟೇರಿಂಗಿನ ಕಡೆ ತಿರುಗಿದೆ.

ಎಡಗೈಯ ಹೆಬ್ಬೆರಳು
ಕಾಣದ ನೋಟು ಎಣಿಸುತ್ತಿತ್ತು.

ನಿಲ್ಲಿಸೆಂದು ಹೇಳಬೇಕಾಗಲಿಲ್ಲ.
ಸೀಗೆಗುಡ್ಡ ಕಾಣುವಲ್ಲಿ, ಲಾರಿಗಳು ಮಣ್ಣು ಸುರಿದ ಬಯಲಿಗೆ ಇಳಿಸಿ
ತಾವೇ ಎಂಜಿನ್ನು ಆರಿಸಿದರು.
'ಚೊಕ್ಕವಾಗಿ ಮಾಡಿದೀಯ.
ಅಷ್ಟು ಚೊಕ್ಕ ಬೇಕಿರಲಿಲ್ಲವೇನೋ.'
ಆಮೇಲೆ, ಬಹಳ ಹೊತ್ತಿನ ಮೇಲೆ,
'ಆ ರಬ್ಬರು ಎಸೆದೆಯಾ?'

ಎಸೆದಿರಲಿಲ್ಲ. ಹೇಳಲೂ ಇಲ್ಲ.
ಆ ಸತ್ತ ರಬ್ಬರು
ಎಷ್ಟು ನಡುಕ ನುಂಗಿಕೊಂಡು,
ರಸ್ತೆಗೆ ಒಂದು ಮಾತೂ ಮುಟ್ಟಿಸದೆ ಇತ್ತೋ;
ಮನೆಯವರಿಗೂ ತಿಳಿಯದ್ದು ಅದಕ್ಕೆ ತಿಳಿದಿತ್ತೋ.
ನಾನು ಅದಕ್ಕೆ 'ವೀಕು' ಎಂದು ಚೀಟಿ ಅಂಟಿಸಿದ್ದೆ.

ಜಾಗ ಬದಲಾಯಿಸಿದೆವು.
'ಪೂರ್ತಿ ತಿರುಗಿಸು' ಅಂದರು, 'ಹಾಗೇ ಹಿಡಿದಿರು.
ಇಂಥ ತಿರುವು ಎತ್ತಿನ ಗಾಡಿಗೂ ಇಲ್ಲ, ನೋಡು.'
ಕೆಮ್ಮಣ್ಣಿನ ಧೂಳಿನಲ್ಲಿ ಹೆರಾಲ್ಡು ಒಂದು ಸುತ್ತು ಬಂತು.
ಬಾಗಿಲು ತೆಗೆದು ಇಳಿದರು,
ಬೆನ್ನು ಬಗ್ಗಿಸಿ ಗಾಲಿಯ ಗುರುತಿನ ಮೇಲೇ ನಡೆದರು,
ಹೊರಟಲ್ಲಿಗೆ ಬಂದು ನಿಂತರು.
ಚಪ್ಪಲಿಯ ತುದಿಯಿಂದ ಎರಡು ಗೆರೆಯ ನಡುವೆ ಮುಟ್ಟಿ,
ಜೇಬಿನಿಂದ ಕೈ ಹೊರಗೆ ತೆಗೆದು,
ಅದು ನಡುಗುವಷ್ಟು ನಡುಗಲೆಂದು ಬಿಟ್ಟು, ತೋರಿಸಿದರು:

'ಒಂದು ಗೇಣು ತಪ್ಪಿದೀಯ.
ಇನ್ನೊಂದು ಸಲ ಬರಿ.'